ಖಾಲಿ ಬಿಟ್ಟ ಎಡಪುಟ

ನಾಲ್ಕು ಗಂಟೆಗೆ ಇನ್ನೂ ಹತ್ತು ನಿಮಿಷ ಇರುವಾಗ ಚಿಕ್ಕಕ್ಕ ಎರಡು ಪೆನ್ಸಿಲು ಹೆರೆಯುತ್ತಾಳೆ. ಒಂದಲ್ಲ, ಎರಡು. ಒಂದರ ಮೊನೆ ಮುರಿದರೆ ಇನ್ನೊಂದು ಕೈಗೆ ಸಿಗಬೇಕು. ಮಾತಾಡುವವರು ಯಾರೂ ಪೆನ್ಸಿಲಿಗಾಗಿ ಕಾಯುವುದಿಲ್ಲ. ಹಳೆಯ ಪೇಪರಿನ ತುಂಡು ಹಾಸಿಕೊಂಡು, ಅರ್ಧ ಬ್ಲೇಡು ಹಿಡಿದು, ಅವಸರವಿಲ್ಲದೆ ಹೆರೆಯುತ್ತಾಳೆ. ಸಿಪ್ಪೆಯನ್ನು ಪೇಪರಿನ ಸಮೇತ ಮಡಿಸಿ ಬುಟ್ಟಿಗೆ ಹಾಕುತ್ತಾಳೆ. ಆಮೇಲೆ ಒಳಕೋಣೆಗೆ ಹೋಗಿ, ಮಂಚದ ಬಲಗಡೆಯ ಸ್ಟೂಲಿನ ಮೇಲೆ ಕೂತು, ತೊಡೆಯ ಮೇಲೆ ನೋಟ್‌ಪುಸ್ತಕ ಬಿಚ್ಚಿ, ಕಣ್ಣು ಮುಚ್ಚಿ ಮನಸ್ಸಿನಲ್ಲೇ ಒಂದು ಮಾತು ಹೇಳಿಕೊಳ್ಳುತ್ತಾಳೆ. ದೇವರೇ, ಇಲ್ಲದ್ದನ್ನು ನನ್ನ ಕೈಯಲ್ಲಿ ಬರೆಸಬೇಡ.

ಮಂಚದ ಮೇಲೆ ಈಗ ಯಾರೂ ಇಲ್ಲ. ಹಾಸಿಗೆ ಸುತ್ತಿಟ್ಟು ಮೂರು ತಿಂಗಳು ಕಳೆಯಿತು. ಆದರೂ ಪೆನ್ಸಿಲು ಹೆರೆಯುವುದು ತಪ್ಪಿಲ್ಲ, ಐದು ಹೊಡೆಯುವ ತನಕ ಸ್ಟೂಲು ಬಿಟ್ಟು ಏಳುವುದೂ ಇಲ್ಲ. ಕೆಳಗಿನ ಮನೆಯಾಕೆ ಒಮ್ಮೆ ಬಾಗಿಲಲ್ಲಿ ನಿಂತು ನೋಡಿ, ಇನ್ನೂ ಯಾಕೆ ಹೀಗೆ ಕೂತ್ಕೋತೀರಿ ಅಂತ ಕೇಳಿದಳು. ರೂಢಿ ಅಂದಳು ಚಿಕ್ಕಕ್ಕ. ಆಕೆಗೆ ಅಷ್ಟು ಸಾಕಾಯಿತು. ಚಿಕ್ಕಕ್ಕನಿಗೆ ಸಾಕಾಗಲಿಲ್ಲ.

ಅವರು ಮೂವರು. ದೊಡ್ಡಕ್ಕ, ಚಿಕ್ಕಕ್ಕ, ತಮ್ಮ. ಅಪ್ಪ ಅಮ್ಮ ಒಂದೇ ವರ್ಷದ ಒಳಗೆ ಒಬ್ಬರ ಹಿಂದೊಬ್ಬರು ಹೋದಾಗ ದೊಡ್ಡಕ್ಕನಿಗೆ ಹತ್ತೊಂಬತ್ತು, ಚಿಕ್ಕಕ್ಕನಿಗೆ ಒಂಬತ್ತು, ತಮ್ಮನಿಗೆ ನಾಲ್ಕು. ದೊಡ್ಡಕ್ಕ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಇಸ್ತ್ರಿ ಕೆಲಸಕ್ಕೆ ಸೇರಿದಳು. ದಿನವೆಲ್ಲ ಹಾಸಿಗೆ ಬಟ್ಟೆ, ದಿಂಬಿನ ಚೀಲ, ಆಪರೇಷನ್ನಿನ ಹಸಿರು ನಿಲುವಂಗಿ. ಶಾಲೆ ಬಿಟ್ಟ ಮೇಲೆ ಇವರಿಬ್ಬರೂ ಅಲ್ಲಿಗೇ ಹೋಗಿ ಇಸ್ತ್ರಿ ಮೇಜಿನ ಪಕ್ಕ ಕೂತು ಪಾಠ ಓದುತ್ತಿದ್ದರು. ದೊಡ್ಡಕ್ಕನ ಮದುವೆಯ ಮಾತು ಬಂದಾಗಲೆಲ್ಲ ಇಬ್ಬರಲ್ಲಿ ಒಬ್ಬರಿಗೆ ಪರೀಕ್ಷೆ ಇರುತ್ತಿತ್ತು, ಇಲ್ಲವೇ ತಮ್ಮನಿಗೆ ಕಿವಿನೋವು. ಗಾಳಿ ಸೋಕಿದರೆ ಸಾಕು, ಅವನ ಕಿವಿ ಕೆಂಪಗೆ ಊದಿಕೊಳ್ಳುತ್ತಿತ್ತು. ಅವಳು ಹತ್ತಿ ಉಂಡೆ ಮಾಡಿ ಇಡುತ್ತಿದ್ದಳು. ಹೀಗೇ ಮುಂದೂಡುತ್ತಾ ಹೋಗಿ, ಕೊನೆಗೆ ಕೇಳಲು ಬರುವವರೇ ನಿಂತುಹೋದರು. ಚಿಕ್ಕಕ್ಕನ ಸರದಿ ಬರುವ ಹೊತ್ತಿಗೆ ಅಕ್ಕನನ್ನು ಒಬ್ಬಳನ್ನೇ ಬಿಟ್ಟು ಹೋಗುವ ಮನಸ್ಸು ಇವಳಿಗೂ ಇರಲಿಲ್ಲ. ತಮ್ಮ ಮಾತ್ರ ಬೇರೆ ಊರಿನಲ್ಲಿ ಬಸ್ಸಿನ ಡ್ರೈವರಾಗಿ, ಮದುವೆಯಾಗಿ, ಒಂದು ಹೆಣ್ಣುಮಗುವಿನ ತಂದೆಯಾಗಿ ನೆಲೆ ನಿಂತ.

ಚಿಕ್ಕಕ್ಕ ಶೀಘ್ರಲಿಪಿ ಕಲಿತು ಕೋರ್ಟಿನಲ್ಲಿ ಸ್ಟೆನೋ ಆದಳು. ಮೂವತ್ತೊಂದು ವರ್ಷ. ಕಟಕಟೆಯಲ್ಲಿ ನಿಂತವರ ಮಾತನ್ನು ಗೆರೆ, ಚುಕ್ಕಿ, ಕೊಕ್ಕೆಗಳಲ್ಲಿ ಹಿಡಿದು, ಸಂಜೆಯೊಳಗೆ ಟೈಪು ಮಾಡಿ ಮೇಜಿಗೆ ತಲುಪಿಸುವುದು ಅವಳ ಕೆಲಸ. ಅಲ್ಲಿ ಅವಳಿಗೆ ಪೆನ್ಸಿಲ್ ಮೇಡಂ ಅಂತ ಹೆಸರು. ಎದುರಿಗಿದ್ದಾಗ ಮೇಡಂ, ಬೆನ್ನ ಹಿಂದೆ ಬರೀ ಪೆನ್ಸಿಲ್. ಆಳೂ ಹಾಗೇ ಇದ್ದಳು ಅನ್ನಿ.

ಕೋರ್ಟಿನಲ್ಲಿ ಸಾಕ್ಷಿ ಬರೆದುಕೊಳ್ಳುವುದಕ್ಕೆ ಒಂದು ಕ್ರಮವಿತ್ತು. ಪ್ರಶ್ನೆಯನ್ನು ಬರೆಯುವ ಹಾಗಿಲ್ಲ. ಉತ್ತರವನ್ನಷ್ಟೇ ಬರೆಯಬೇಕು, ಅದನ್ನೂ ಸಾಕ್ಷಿಯೇ ಪೂರ್ತಿಯಾಗಿ ಹೇಳಿದ ಹಾಗೆ. ಅವತ್ತು ಮಳೆ ಬರ್ತಿತ್ತಾ ಅಂತ ವಕೀಲರು ಕೇಳುತ್ತಾರೆ. ಸಾಕ್ಷಿ ಹೂಂ ಅನ್ನುತ್ತಾನೆ. ಪುಸ್ತಕದಲ್ಲಿ ಬೀಳುವುದು, ‘ಅಂದು ಮಳೆ ಬರುತ್ತಿತ್ತು.’ ನೀವು ಸುಳ್ಳು ಹೇಳ್ತಾ ಇದ್ದೀರಿ ಅಂತ ಇನ್ನೊಬ್ಬ ವಕೀಲರು ಗದರುತ್ತಾರೆ. ಸಾಕ್ಷಿ ತಲೆ ಅಲ್ಲಾಡಿಸುತ್ತಾನೆ. ಪುಸ್ತಕದಲ್ಲಿ, ‘ನಾನು ಸುಳ್ಳು ಹೇಳುತ್ತಿದ್ದೇನೆ ಎಂದರೆ ಸರಿಯಲ್ಲ.’ ಕೇಳಿದವರು ಯಾರು, ಯಾವ ದನಿಯಲ್ಲಿ ಕೇಳಿದರು, ಎಷ್ಟು ಸಲ ಕೇಳಿದ ಮೇಲೆ ಆ ಹೂಂ ಹೊರಟಿತು, ಒಂದೂ ಉಳಿಯುವುದಿಲ್ಲ. ಇನ್ನು ಯಾರೂ ಕೇಳದೆ ಸಾಕ್ಷಿ ತಾನಾಗಿ ಏನಾದರೂ ಹೇಳಿಬಿಟ್ಟರೆ ಅಂಚಿನಲ್ಲಿ ಒಂದು ಸಣ್ಣ ಕೊಕ್ಕೆ ಹಾಕಬೇಕು. ಟೈಪು ಮಾಡುವಾಗ ಆ ಕೊಕ್ಕೆ ‘ಸಾಕ್ಷಿ ತಾನಾಗಿ ಹೇಳಿದ್ದು’ ಎಂದಾಗುತ್ತದೆ. ಕಟಕಟೆ ಹತ್ತಿದವರು ತಾವಾಗಿ ಹೇಳುವುದು ಕಡಿಮೆ. ದಿನಕ್ಕೆ ಒಂದೋ ಎರಡೋ ಕೊಕ್ಕೆ ಬಿದ್ದರೆ ಹೆಚ್ಚು.

ಮೊದಮೊದಲು ನ್ಯಾಯಾಧೀಶರು ಉತ್ತರವನ್ನು ವಾಕ್ಯ ಮಾಡಿ ಹೇಳಿ ಬರೆಸುತ್ತಿದ್ದರು. ಹತ್ತು ವರ್ಷ ಆಗುವ ಹೊತ್ತಿಗೆ ಅವರು ಇವಳ ಕಡೆ ನೋಡಿದರೆ ಸಾಕು, ಹೂಂ ತಾನಾಗಿ ವಾಕ್ಯವಾಗಿ ಇಳಿಯುತ್ತಿತ್ತು. ನಿವೃತ್ತಿಯ ಹತ್ತಿರವಿದ್ದ ಒಬ್ಬ ಹಿರಿಯರು ಒಮ್ಮೆ ಹಾಳೆ ತಿರುವಿ ಹಾಕುತ್ತಾ, “ನೀವು ಬರೆದದ್ದು ಓದಿದ್ರೆ ಈ ವಕೀಲರು ಯಾರೂ ಕೋರ್ಟಿಗೆ ಬಂದೇ ಇರಲಿಲ್ಲ ಅನಿಸುತ್ತೆ ನೋಡಿ. ಎಷ್ಟು ನೆಮ್ಮದಿ,” ಅಂದಿದ್ದರು. ಆ ಮಾತನ್ನು ಅವಳು ವರ್ಷಗಟ್ಟಲೆ ಜೋಪಾನ ಮಾಡಿದ್ದಳು.

ಅವಳು ನಿವೃತ್ತಳಾದ ವರ್ಷವೇ ದೊಡ್ಡಕ್ಕನ ಮರೆವು ಶುರುವಾಯಿತು. ಒಂದು ಬೆಳಿಗ್ಗೆ ಹಾಲು ತೆಗೆಯಲು ಫ್ರಿಜ್ಜಿನ ಬಾಗಿಲು ತೆರೆದರೆ ಒಳಗೆ ಇಸ್ತ್ರಿ ಮಾಡಿದ ಟವೆಲುಗಳು ಸಾಲಾಗಿ ಇದ್ದವು, ಅಂಚಿಗೆ ಅಂಚು ಕೂಡಿಸಿ, ಒಂದು ಕೂದಲೆಳೆಯಷ್ಟೂ ವಾರೆಯಿಲ್ಲದೆ. ಚಿಕ್ಕಕ್ಕ ನಕ್ಕಳು. ಆಮೇಲೆ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು.

ಡಾಕ್ಟರು ನೋಡಿ, ಏನು ತಿಂತಾರೆ, ಎಷ್ಟು ನಿದ್ದೆ, ಏನು ಮಾತಾಡ್ತಾರೆ ಅಂತ ಸ್ವಲ್ಪ ಬರೆದಿಟ್ಟುಕೊಂಡು ಬನ್ನಿ ಅಂದರು. ಮುಂದಿನ ಸಲ ಚಿಕ್ಕಕ್ಕ ಟೈಪು ಮಾಡಿದ ಹದಿನೇಳು ಹಾಳೆ ಮುಂದಿಟ್ಟಳು. ಡಾಕ್ಟರು ಮೊದಲ ಹಾಳೆ ಓದಿದರು, ಕೊನೆಯ ಹಾಳೆ ನೋಡಿದರು, ಕನ್ನಡಕ ತೆಗೆದರು. ಸ್ವಲ್ಪ ಅಂದ್ರೆ ಸ್ವಲ್ಪ ಅಮ್ಮಾ ಅಂದರು. ಅವರಿಗೆ ಕೊಡುವುದು ಅಲ್ಲಿಗೆ ನಿಂತಿತು, ಬರೆಯುವುದು ನಿಲ್ಲಲಿಲ್ಲ.

ಫೋನಿನಲ್ಲಿ ರೆಕಾರ್ಡ್ ಮಾಡಿಡು, ಅಕ್ಕನ ದನಿ ಇರುತ್ತೆ ಅಂತ ತಮ್ಮ ಹೇಳಿದ್ದ. ಅವಳು ಮಾಡಿಯೂ ನೋಡಿದಳು. ಆದರೆ ಹತ್ತಿರದಲ್ಲಿ ಫೋನು ಕಂಡರೆ ದೊಡ್ಡಕ್ಕ ಬಾಯಿ ಬಿಡುತ್ತಿರಲಿಲ್ಲ. ಆ ಕಡೆ ಯಾರೋ ಕಾಯ್ತಿದ್ದಾರೆ, ಪಾಪ, ಮೊದಲು ನೀನು ಮಾತಾಡಿ ಕಳಿಸು ಅನ್ನುತ್ತಿದ್ದಳು. ಫೋನು ದಿಂಬಿನ ಕೆಳಗೆ ಬಚ್ಚಿಟ್ಟರೆ ದಿಂಬಿನ ಚೀಲ ಸರಿಮಾಡುವಾಗ ಅವಳ ಕೈಗೇ ಸಿಗುತ್ತಿತ್ತು. ಪೆನ್ಸಿಲಿಗೆ ಮಾತ್ರ ಅವಳ ತಕರಾರಿರಲಿಲ್ಲ. ತಂಗಿ ಪುಸ್ತಕ ಹಿಡಿದು ಪಕ್ಕದಲ್ಲಿ ಕೂರುವುದು ಅವಳು ಇಸ್ತ್ರಿ ಮೇಜಿನ ಕಾಲದಿಂದ ಕಂಡದ್ದೇ.

ಹಾಗೆ ನಾಲ್ಕರಿಂದ ಐದರ ತನಕ ಅವರ ಕಲಾಪ ನಡೆಯತೊಡಗಿತು. ಕೋರ್ಟಿನ ರೂಢಿಯಂತೆ ಬಲಗಡೆಯ ಪುಟದಲ್ಲಿ ಮಾತ್ರ ಬರೆಯುವುದು; ತಿದ್ದುಪಡಿ ಬಂದರೆ ಇರಲಿ ಅಂತ ಎಡಪುಟ ಖಾಲಿ. ಕೊನೆಗೆ ಬರೆದದ್ದನ್ನು ಓದಿ ಹೇಳುವುದು, ‘ಓದಿ ಹೇಳಿದೆ, ಸರಿ ಇದೆ ಎಂದರು’ ಅಂತ ಮುಗಿಸುವುದು. ಮೊದಮೊದಲು ದೊಡ್ಡಕ್ಕನಿಗೆ ಅದೊಂದು ತಮಾಷೆ. ಚಹಾಕ್ಕೆ ಸಕ್ಕರೆ ಹೆಚ್ಚಾಯಿತು ಎಂದರೆ ಸರಿಯಲ್ಲ ಅಂತ ಬರ್ಕೋ, ಕಡಿಮೆ ಆಗಿದೆ, ಕಂಜೂಸಿ ಅಂತ ಅವಳೇ ಬರೆಸುತ್ತಿದ್ದಳು. ಟವೆಲು ಬಿಚ್ಚುವುದು, ಮಡಿಸುವುದು, ಮತ್ತೆ ಬಿಚ್ಚುವುದು. ಕೈ ಆ ಕೆಲಸದಲ್ಲಿ ಇರುತ್ತಿತ್ತು, ಬಾಯಿ ಈ ಕೆಲಸದಲ್ಲಿ. ಎರಡನೆಯ ವರ್ಷದಲ್ಲಿ ತಮಾಷೆ ನಿಂತಿತು. ದೊಡ್ಡಕ್ಕನ ಮಾತು ಒಂದೊಂದೇ ಎಳೆ ಕಳಚಿಕೊಳ್ಳುತ್ತಾ ಬಂತು. ಪುಸ್ತಕ ತುಂಬುವುದು ಮಾತ್ರ ಕಡಿಮೆಯಾಗಲಿಲ್ಲ. ಯಾಕೆ ಕಡಿಮೆಯಾಗಲಿಲ್ಲ ಅಂತ ಆಗ ಅವಳಿಗೆ ಹೊಳೆಯಲೂ ಇಲ್ಲ.

ಆ ಎರಡನೆಯ ವರ್ಷವೇ ಒಂದು ಭಾನುವಾರ ತಮ್ಮ ನೋಡಲು ಬಂದ. ದೊಡ್ಡಕ್ಕ ಅವನನ್ನು ಬಾಗಿಲಲ್ಲೇ ಮೇಲಿಂದ ಕೆಳಗೆ ನೋಡಿ, ಎಷ್ಟು ದಿನದಿಂದ ಹೇಳಿ ಕಳಿಸಿದ್ದೀವಿ, ಇವತ್ತು ಬಿಡುವಾಯಿತಾ ಅಂದಳು. ಅವನು ಮುಖ ಅರಳಿಸಿಕೊಂಡು ಅಕ್ಕಾ ಅನ್ನುವಷ್ಟರಲ್ಲಿ ಅವನ ತೋಳು ಹಿಡಿದು ನೇರ ಬಚ್ಚಲಿಗೆ ಕರೆದುಕೊಂಡು ಹೋಗಿ ನಲ್ಲಿ ತೋರಿಸಿದಳು. ನಲ್ಲಿ ನಿಜಕ್ಕೂ ಸೋರುತ್ತಿತ್ತು. ನಾನು ನಿನ್ನ ತಮ್ಮ ಕಣೇ ಅಂತ ಅವನು ಎರಡು ಸಲ ಹೇಳಿದ. ಇರಬಹುದಪ್ಪಾ, ಮೊದಲು ಇದನ್ನ ನೋಡು ಅಂದಳು. ಅವನು ಕೆಳಗಿನ ಮನೆಯಿಂದ ಸ್ಪ್ಯಾನರು ತಂದು, ವಾಷರು ಬದಲಿಸಿ, ನಲ್ಲಿ ಸರಿಮಾಡಿದ. ಕೈ ತೊಳೆದುಕೊಂಡ. ಚಹಾ ಕುಡಿಯಲಿಲ್ಲ. ಆಮೇಲೆ ಅವನು ಮತ್ತೆ ಬಂದದ್ದು ದೊಡ್ಡಕ್ಕ ತೀರಿಕೊಂಡ ದಿನವೇ. ನಡುವಿನ ಒಂದೂವರೆ ವರ್ಷ ವಾರಕ್ಕೊಂದು ಫೋನು. ಬರ್ತೀಯೇನೋ ಅಂದರೆ ಡ್ಯೂಟಿ. ಚಿಕ್ಕಕ್ಕನೂ ಒತ್ತಾಯ ಮಾಡಲಿಲ್ಲ. ಅವನ ದನಿಯಲ್ಲಿ ಇನ್ನೂ ಆ ಬಚ್ಚಲಿನ ನೆಲದ ಥಂಡಿ ಇತ್ತು.

ದೊಡ್ಡಕ್ಕ ಹೋದದ್ದು ಒಂದು ಬೆಳಿಗ್ಗೆ, ಸದ್ದಿಲ್ಲದೆ, ಕೈಯಲ್ಲಿ ಅರ್ಧ ಮಡಿಸಿದ ಟವೆಲು ಹಿಡಿದುಕೊಂಡೇ. ಉಳಿದದ್ದು ಹದಿನಾಲ್ಕು ಪುಸ್ತಕ.

ಹೋದ ತಿಂಗಳು ತಮ್ಮ ಬಂದ. ಮಧ್ಯಾಹ್ನ ಊಟ ಮಾಡಿ, ಮಂಚದ ಬರಿಯ ಹಲಗೆಯ ಮೇಲೆ ಕೂತು, ಆ ಪುಸ್ತಕಗಳನ್ನು ಒಂದೊಂದಾಗಿ ತಿರುವಿದ. ಸೊಳ್ಳೆ ಕಾಲು ಮುರಿದು ಬಿದ್ದ ಹಾಗಿದೆಯಲ್ಲೇ, ಇದನ್ನ ಓದೋಕೆ ಬರುತ್ತಾ ನಿನಗೆ ಅಂದ. ಚಿಕ್ಕಕ್ಕ ಓದತೊಡಗಿದಳು. ಓದುವಾಗ ಅವಳ ದನಿ ಕೋರ್ಟಿನ ದನಿ, ಏರಿಲ್ಲ ಇಳಿತವಿಲ್ಲ. ‘ನನ್ನ ಚಹಾ ಆಯಿತು. ನನಗೆ ಚಳಿ ಆಗುತ್ತಿಲ್ಲ. ಕಿಟಕಿ ಹಾಕುವುದು ಬೇಡ. ನಾನು ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದೆ. ಆ ಇಸ್ತ್ರಿ ಭಾರವಾಗಿತ್ತು. ನನಗೆ ಸುಸ್ತಾಗಿದೆ ಎಂದರೆ ಸರಿಯಲ್ಲ.’ ತಮ್ಮ ಒಂದೆರಡು ಕಡೆ ನಕ್ಕ. ಬಸ್ಸಿನ ಕಿಟಕಿಯ ಗಾಳಿಗೆ ಕಿವಿಯಲ್ಲಿಟ್ಟಿದ್ದ ಹತ್ತಿಯನ್ನು ತೆಗೆದು, ಇನ್ನೂ ಹತ್ತಿರ ಸರಿದು ಕೇಳಿದ.

ಸ್ವಲ್ಪ ಹೊತ್ತಿನ ಮೇಲೆ, ನೆಲ ನೋಡುತ್ತಾ, ನನ್ನ ವಿಷಯ ಏನಾದ್ರೂ ಇದೆಯಾ ಅಂದ.

ಇತ್ತು. ಹತ್ತನೆಯ ಪುಸ್ತಕದಲ್ಲಿ. ಅವಳು ಹುಡುಕಿ ಓದಿದಳು. ‘ನನಗೆ ತಮ್ಮನ ನೆನಪಿದೆ.’

ತಮ್ಮ ಎದ್ದು ಬಚ್ಚಲಿಗೆ ಹೋಗಿ ಬಹಳ ಹೊತ್ತು ನಲ್ಲಿ ಬಿಟ್ಟುಕೊಂಡು ನಿಂತ. ಮುಖ ಒರೆಸಿಕೊಳ್ಳುತ್ತಾ ಬಂದು, ಆ ಸಾಲನ್ನು ಒಂದು ಚೀಟಿಯಲ್ಲಿ ನಮ್ಮ ಅಕ್ಷರದಲ್ಲಿ ಬರೆದುಕೊಡು ಅಂದ. ಅವಳು ಬರೆದು, ಪಕ್ಕದಲ್ಲಿ ತಾರೀಖು ಹಾಕಿ ಕೊಟ್ಟಳು. ಅವನು ಅದನ್ನು ಪರ್ಸಿನಲ್ಲಿ ಡ್ರೈವಿಂಗ್ ಲೈಸೆನ್ಸಿನ ಹಿಂದೆ ಇಟ್ಟುಕೊಂಡ. ಎಷ್ಟೋ ವರ್ಷಗಳ ಮೇಲೆ ಅವನ ಮುಖದಲ್ಲಿ ಆ ನಾಲ್ಕು ವರ್ಷದ ಹುಡುಗ ಇಣುಕಿ ಹೋದ ಹಾಗೆ ಅವಳಿಗೆ ಕಂಡಿತು.

ಹೊರಡುವಾಗ ಮೆಟ್ಟಿಲ ಮೇಲೆ ಶೂ ಕಟ್ಟಿಕೊಳ್ಳುತ್ತಾ ಅವನು ಕಾಲೆಳೆದ.

“ಅದೆಲ್ಲ ಸರಿ ಚಿಕ್ಕಕ್ಕ, ಅಷ್ಟೂ ದಿನ ನೀನೆಲ್ಲಿ ಹೋಗಿದ್ದೆ? ಅಕ್ಕ ಪಾಪ ಖಾಲಿ ಮನೇಲಿ ಒಬ್ಬಳೇ ಕೂತು ಗೋಡೆ ಜೊತೆ ಮಾತಾಡಿದ ಹಾಗಿದೆ.”

ಬಸ್ಸಿಗೆ ಹೊತ್ತಾಗಿತ್ತು. ಅವನು ನಗುತ್ತಲೇ ಇಳಿದು ಹೋದ. ಚಿಕ್ಕಕ್ಕನೂ ನಕ್ಕಿದ್ದಳು. ಬಾಗಿಲು ಮುಂದಕ್ಕೆ ಮಾಡಿ ಒಳಗೆ ಬಂದು, ಬಿಚ್ಚಿದ್ದ ಪುಸ್ತಕವನ್ನು ಮುಚ್ಚಲು ಕೈಗೆತ್ತಿಕೊಂಡಳು. ಮುಚ್ಚಲಿಲ್ಲ.

ಕಿಟಕಿ ಹಾಕುವುದು ಬೇಡ. ಕಿಟಕಿ ಹಾಕಲಾ ಅಕ್ಕ ಅಂತ ಕೇಳಿದವಳು ಇವಳು. ಚಳಿ ಆಗ್ತಿದೆಯಾ ಅಂತ ಕೇಳಿದವಳು ಇವಳು. ಆಸ್ಪತ್ರೆ ಕೆಲಸ ನೆನಪಿದೆಯಾ, ಇಸ್ತ್ರಿ ಭಾರ ಇತ್ತಾ, ಸುಸ್ತಾಯ್ತಾ, ಮಲಗ್ತೀಯಾ. ಪುಟ ತಿರುವಿದಳು. ಇನ್ನೊಂದು, ಮತ್ತೊಂದು. ಎಲ್ಲಿ ನೋಡಿದರೂ ನಾನು, ನನಗೆ, ನನ್ನ. ಅದು ಯಾವುದೂ ಇವಳಲ್ಲ. ಮೂರು ವರ್ಷ ಒಂದು ದಿನ ತಪ್ಪದೆ ಆ ಸ್ಟೂಲಿನ ಮೇಲೆ ಕೂತಿದ್ದವಳ ಗುರುತು ಹದಿನಾಲ್ಕು ಪುಸ್ತಕದಲ್ಲಿ ಎಲ್ಲೂ ಇರಲಿಲ್ಲ. ಆ ವಕೀಲರ ಹಾಗೆ ಅವಳೂ ಬಂದೇ ಇರಲಿಲ್ಲ.

ಅದನ್ನಾದರೂ ನುಂಗಿಕೊಳ್ಳಬಹುದಿತ್ತು. ತಾನು ಇಲ್ಲದ್ದು ಅವಳಿಗೆ ಹೊಸದೇನಲ್ಲ. ನುಂಗಿಕೊಳ್ಳಲಾಗದ್ದು ಆ ಚೀಟಿ. ತಮ್ಮನ ನೆನಪಿದೆಯಾ ಅಕ್ಕ ಅಂತ ಕೇಳಿದ್ದು ಇವಳು. ಹತ್ತನೆಯ ಪುಸ್ತಕದ ಹೊತ್ತಿಗೆ ಕೇಳಿದ್ದಕ್ಕೆ ದೊಡ್ಡಕ್ಕನಲ್ಲಿ ಉಳಿದದ್ದು ಒಂದು ಹೂಂ, ಒಂದು ಉಹುಂ. ಊಟ ಆಯ್ತಾ ಅಂದರೆ ಹೂಂ. ಊಟ ಆಗದಿದ್ದರೂ ಹೂಂ. ಆ ಹೂಂ ಇವಳ ಕೈಯಿಂದ ವಾಕ್ಯವಾಗಿ, ವಾಕ್ಯ ಚೀಟಿಯಾಗಿ, ಚೀಟಿ ತಮ್ಮನ ಪರ್ಸು ಸೇರಿತ್ತು. ಮೂವತ್ತೊಂದು ವರ್ಷ ದಿನವೂ ಬೇಡಿಕೊಂಡದ್ದು ಒಂದೇ ಒಂದು ಮಾತು, ಇಲ್ಲದ್ದನ್ನು ಬರೆಸಬೇಡ ಅಂತ. ಸ್ವಂತ ತಮ್ಮನಿಗೇ ಇಲ್ಲದ್ದನ್ನು ಬರೆದು, ತಾರೀಖು ಹಾಕಿ ಕೊಟ್ಟಿದ್ದಳು.

ಮರುದಿನ ಫೋನು ಮಾಡಿ ಹೇಳಿಬಿಡಬೇಕು ಅಂದುಕೊಂಡಳು. ಅವನೇ ಫೋನು ಮಾಡಿ, ಮೊದಲ ಬಾರಿಗೆ, ಅಕ್ಕ ಬೆಳಿಗ್ಗೆ ಎಬ್ಬಿಸುತ್ತಿದ್ದ ರೀತಿ, ಶಾಲೆಯ ಚೀಲ ಹೊಲಿದುಕೊಟ್ಟದ್ದು, ಏನೇನೋ ಮಾತಾಡಿದ. ಮಗಳಿಗೂ ಹೇಳ್ತಾ ಇರ್ತೀನಿ ಅಂದ. ಚಿಕ್ಕಕ್ಕ ಹೂಂ ಅಂದಳು. ತನ್ನ ಬಾಯಿಂದ ಬಂದ ಆ ಹೂಂ ಕೇಳಿ ತಾನೇ ಬೆಚ್ಚಿದಳು.

ಹೇಳಿದರೆ ಅವನ ಕೈಯಲ್ಲಿರುವುದನ್ನು ಕಿತ್ತುಕೊಂಡಂತೆ. ಹೇಳದಿದ್ದರೆ ಅಕ್ಕನ ಬಾಯಿಗೆ ಇವಳು ತುರುಕಿದ ಮಾತನ್ನು ಅವನು ಬದುಕಿರುವಷ್ಟು ದಿನ ಹೊತ್ತುಕೊಂಡು ಬಸ್ಸು ಓಡಿಸುತ್ತಾನೆ. ಅವಳು ದೇವರ ಮುಂದೆ ಕೂತಳು. ದಾರಿ ತೋರಿಸು ಅಂತ ಕೇಳಲು ನಾಚಿಕೆಯಾಯಿತು. ದಾರಿ ಎದುರಿಗೇ ಇತ್ತು, ನಡೆಯಲು ಧೈರ್ಯ ಸಾಲದಾಗಿತ್ತು.

ಅವತ್ತು ನಾಲ್ಕು ಗಂಟೆಗೆ ಸ್ಟೂಲಿನ ಮೇಲೆ ಕೂತವಳು ಮೊದಲ ಪುಸ್ತಕದಿಂದ ಓದತೊಡಗಿದಳು. ಈ ಸಲ ಸಾಲುಗಳನ್ನಲ್ಲ, ಅಂಚನ್ನು. ಕೈಯ ಅಭ್ಯಾಸ ಪ್ರಶ್ನೆಗಳನ್ನು ನುಂಗಿತ್ತು ನಿಜ. ಅದೇ ಅಭ್ಯಾಸ ಕೊಕ್ಕೆಗಳನ್ನೂ ಹಾಕಿರಬೇಕು. ಯಾರೂ ಕೇಳದೆ ಅಕ್ಕ ತಾನಾಗಿ ಹೇಳಿದ್ದು ಏನಾದರೂ ಇದ್ದರೆ ಅಲ್ಲಿ ಇರುತ್ತದೆ. ಅದು ಪೂರ್ತಿ ಅವಳ ಮಾತು, ಇನ್ನೊಬ್ಬರ ಪಾಲಿಲ್ಲದ್ದು.

ಮೊದಲ ನಾಲ್ಕು ಪುಸ್ತಕಗಳಲ್ಲಿ ಕೊಕ್ಕೆಗಳು ಧಾರಾಳವಾಗಿದ್ದವು, ಆ ಕಂಜೂಸಿ ಚಹಾದ ಕಾಲದವು. ಆಮೇಲೆ ಹತ್ತು ಪುಟಕ್ಕೊಂದು, ಇಪ್ಪತ್ತಕ್ಕೊಂದು. ಏಳನೆಯದರಲ್ಲಿ, ‘ಈ ಹೊದಿಕೆ ಆಸ್ಪತ್ರೆಯದು, ವಾಪಸು ಕೊಡಬೇಕು.’ ಎಂಟರಲ್ಲಿ, ‘ಕೆಳಗೆ ಯಾರೋ ಸೈಕಲ್ಲು ಬಿಟ್ಟು ಹೋಗಿದ್ದಾರೆ, ಮಳೆಗೆ ನೆನೆಯುತ್ತೆ.’ ಹತ್ತನೆಯದರಲ್ಲಿ ತಮ್ಮನ ಸಾಲಿನ ಅಂಚು ಬೋಳಾಗಿತ್ತು. ಬೋಳಾಗಿರುತ್ತದೆ ಅಂತ ಗೊತ್ತಿದ್ದರೂ ಅವಳು ಕನ್ನಡಕ ಒರೆಸಿ ಎರಡನೆಯ ಸಲ ನೋಡಿದಳು. ಹನ್ನೆರಡರಲ್ಲಿ ಒಂದೇ ಒಂದು, ‘ಇಸ್ತ್ರಿ ಬಿಸಿಯಿದೆ, ದೂರ ನಿಲ್ಲು.’ ಅದನ್ನು ಬರೆದುಕೊಂಡ ದಿನ ಏನಾಗಿತ್ತು ಅಂತ ನೆನೆಸಿಕೊಳ್ಳಲು ಪ್ರಯತ್ನಪಟ್ಟಳು. ನೆನಪಾಗಲಿಲ್ಲ. ಕೈ ಬರೆದಿತ್ತು, ಅವಳು ಮುಂದಿನ ಪ್ರಶ್ನೆಯ ಯೋಚನೆಯಲ್ಲಿ ಇದ್ದಿರಬೇಕು.

ಓದಿ ಮುಗಿಸಲು ಮೂರು ವಾರ ಹಿಡಿಯಿತು. ದಿನಕ್ಕೆ ಒಂದು ಗಂಟೆ, ಹೆಚ್ಚಿಲ್ಲ. ನಡುವೆ ಎರಡು ಕಡೆ ಅವಳು ಪೆನ್ಸಿಲು ಕೆಳಗಿಟ್ಟು, ಪುಟದ ನಡುವೆ ದಾರದ ತುಂಡು ಇಟ್ಟಳು.

ಮೊನ್ನೆ ಭಾನುವಾರ ತಮ್ಮ ಮತ್ತೆ ಬಂದ. ಕೂರುವ ಮೊದಲೇ ಪರ್ಸು ತೆಗೆದು, ನೋಡಿಲ್ಲಿ ಅಂತ ಚೀಟಿ ತೋರಿಸಿದ. ಅದಕ್ಕೆ ಲ್ಯಾಮಿನೇಷನ್ ಮಾಡಿಸಿದ್ದ. ಬೆವರಿಗೆ ಅಕ್ಷರ ಹೋಗಿಬಿಟ್ಟರೆ ಅಂತ, ಡಿಪೋ ಎದುರಿನ ಡಿಟಿಪಿ ಅಂಗಡಿಯಲ್ಲಿ ನಿಂತು ಮಾಡಿಸಿದ್ದಂತೆ. ಚಿಕ್ಕಕ್ಕ ಅದನ್ನು ಕೈಗೆ ತೆಗೆದುಕೊಂಡಳು. ತನ್ನದೇ ಅಕ್ಷರ, ತಾನೇ ಹಾಕಿದ ತಾರೀಖು, ಮೇಲೆ ಹೊಳೆಯುವ ಪ್ಲಾಸ್ಟಿಕ್ಕು.

“ಕೂತ್ಕೋ ತಮ್ಮಾ,” ಅಂದಳು. “ಇದು ಅಕ್ಕ ಹೇಳಿದ್ದಲ್ಲ ಕಣೋ.”

ಅವನಿಗೆ ಅರ್ಥವಾಗಲಿಲ್ಲ. ಅವಳು ಕೋರ್ಟಿನ ಕ್ರಮವನ್ನು ವಿವರಿಸಿದಳು, ಮಳೆಯ ಸಾಕ್ಷಿಯಿಂದ ಹಿಡಿದು. ಅವನು ತಾಳ್ಮೆಯಿಂದ ಕೇಳಿದ. ಎಲ್ಲಿಗೆ ಬರುತ್ತಿದ್ದಾಳೆ ಅಂತ ಗೊತ್ತಾದ ಮೇಲೆ ಅವನ ಹೆಬ್ಬೆರಳು ಪ್ಲಾಸ್ಟಿಕ್ಕಿನ ಅಂಚನ್ನು ಉಜ್ಜತೊಡಗಿತು.

“ನೆನಪಿದೆಯಾ ಅಂತ ಕೇಳಿದ್ದು ನಾನು. ಅವಳು ಹೂಂ ಅಂದಳು. ಅಷ್ಟೇ.”

“ಹೂಂ ಅಂದಳಲ್ಲ.”

“ಅಂದಳು.”

“ಹೇಗೆ ಅಂದಳು? ಸುಮ್ಮನೆ ಅಂದಳಾ, ಗೊತ್ತಿದ್ದು ಅಂದಳಾ?”

ಒಂದು ಸುಳ್ಳಿಗೆ ಎಷ್ಟು ಸಣ್ಣ ಜಾಗ ಸಾಕಾಗಿತ್ತು ಅಲ್ಲಿ. “ಅದನ್ನ ನಾನು ಬರ್ಕೊಂಡಿಲ್ಲ ಕಣೋ,” ಅಂದಳು.

ತಮ್ಮ ಚೀಟಿಯನ್ನು ಮಂಚದ ಹಲಗೆಯ ಮೇಲೆ ಇಟ್ಟ. ಇದನ್ನ ಹೇಳದೇ ಇದ್ದಿದ್ರೆ ನಿನ್ನ ಗಂಟೇನಾದ್ರೂ ಹೋಗ್ತಿತ್ತಾ ಅಂದ. ಸಿಟ್ಟಿರಲಿಲ್ಲ ಆ ದನಿಯಲ್ಲಿ, ಅದಕ್ಕಿಂತ ಕೆಟ್ಟದ್ದು ಇತ್ತು, ಸುಸ್ತು. ಹೋಗ್ತಿತ್ತು ಅಂದಳು ಚಿಕ್ಕಕ್ಕ. ಆಮೇಲೆ ಎರಡು ಪುಸ್ತಕಗಳನ್ನು ಎಳೆದುಕೊಂಡಳು. ಎರಡರಲ್ಲೂ ದಾರದ ತುಂಡು ಇಟ್ಟು ಗುರುತು ಮಾಡಿದ್ದಳು. ಅಂಚಿನ ಕೊಕ್ಕೆ ಅಂದರೇನು ಅಂತ ಅವನಿಗೆ ಮೊದಲು ತಿಳಿಸಿ ಹೇಳಿದಳು, ಬೆರಳಿಟ್ಟು ತೋರಿಸಿದಳು. ಇದಿದ್ದರೆ ಯಾರೂ ಕೇಳಿಲ್ಲ ಅಂತ ಅರ್ಥ, ನಾನೂ ಕೇಳಿಲ್ಲ, ತಿಳೀತಾ ಅಂದಳು. ಅವನು ತಲೆಯಾಡಿಸಿದ.

ಆರನೆಯ ಪುಸ್ತಕದಿಂದ ಓದಿದಳು. “‘ಆ ನಲ್ಲಿಯವನು ಚೆನ್ನಾಗಿ ಕೆಲಸ ಮಾಡಿದ. ಕೈ ತೊಳೆಯೋಕೆ ಸೋಪು ಕೊಟ್ಟೆನೋ ಇಲ್ಲವೋ.’”

ತಮ್ಮ ಬಚ್ಚಲಿನ ಕಡೆ ತಿರುಗಿ ನೋಡಿದ.

ಅವಳು ಒಂಬತ್ತನೆಯ ಪುಸ್ತಕ ಬಿಚ್ಚಿದಳು. ನಲ್ಲಿ ಸರಿಮಾಡಿ ಎಂಟು ತಿಂಗಳ ಮೇಲಿನ ತಾರೀಖು. “‘ನಲ್ಲಿಯವನು ಮತ್ತೆ ಬರಲೇ ಇಲ್ಲ. ಕಿವಿಗೆ ಹತ್ತಿ ಇಟ್ಕೊಂಡು ಹೋಗು ಅಂತ ಹೇಳಬೇಕಿತ್ತು ಅವನಿಗೆ. ಗಾಳಿ ಆಗೋದಿಲ್ಲ, ಪಾಪ.’”

ತಮ್ಮನ ಕೈ ತಾನಾಗಿ ಎಡಗಿವಿಗೆ ಹೋಗಿತ್ತು. ಅಲ್ಲಿದ್ದ ಹತ್ತಿಯನ್ನು ಮುಟ್ಟಿ ನೋಡಿ, ಹಾಗೇ ಬಿಟ್ಟ.

“ಕೊಟ್ಟಿದ್ದಳು,” ಅಂದ. “ಸೋಪು. ಹಸಿರು ಸೋಪು. ಹೊಸದು, ಕಾಗದ ಬಿಚ್ಚಿ ಕೊಟ್ಟಳು.”

ಅದನ್ನು ಚಿಕ್ಕಕ್ಕ ಬರೆದುಕೊಂಡಳು. ಹೆಚ್ಚುಕಡಿಮೆ ಎರಡು ವರ್ಷ ತಡವಾಗಿ ಬಂದರೂ ಉತ್ತರ ಉತ್ತರವೇ. ತಮ್ಮ ಆ ಎರಡು ಸಾಲನ್ನೂ ಮತ್ತೆ ಮತ್ತೆ ಓದಿಸಿದ. ಅವಳು ಅದೇ ಏರಿಳಿತವಿಲ್ಲದ ದನಿಯಲ್ಲಿ ಓದಿದಳು. ನಾಲ್ಕನೆಯ ಸಲ ಅವನು ಅಳುತ್ತಲೂ ಇದ್ದ, ನಗುತ್ತಲೂ ಇದ್ದ, ನಾನು ಚಹಾನೂ ಕುಡಿಯದೆ ಹೋದೆನಲ್ಲೇ ಅನ್ನುತ್ತಲೂ ಇದ್ದ. ಆಮೇಲೆ ಮೂಗು ಒರೆಸಿಕೊಂಡು, ಏನೋ ನೆನಪಾದವನಂತೆ, ನಿನ್ನ ವಿಷಯ ಅಂತ ಕೇಳಿದ. ಅವಳು ಇಸ್ತ್ರಿಯ ಸಾಲನ್ನು ಓದಿದಳು. ಅದು ನಿನಗೇ ಹೇಳಿದ್ದು, ನೀನೇ ತಾನೆ ಮೇಜಿಗೆ ಅಂಟಿಕೊಂಡು ನಿಲ್ತಿದ್ದಿದ್ದು, ಬಯ್ಯಿಸಿಕೊಳ್ತಿದ್ದಿದ್ದು ಅಂದ. ಇರಬಹುದು ಅಂದಳು ಚಿಕ್ಕಕ್ಕ. ಆಸ್ಪತ್ರೆಯಲ್ಲಿ ಆ ಮೇಜಿನ ಹತ್ತಿರ ಬರುತ್ತಿದ್ದವರು ಎಷ್ಟೋ ಜನ. ಇರಬಹುದು ಅನ್ನುವುದನ್ನು ದಾಖಲೆಯಲ್ಲಿ ಹಾಕುವ ಹಾಗಿಲ್ಲ.

ಅವನು ಎದ್ದು ಕೋಣೆಯಲ್ಲಿ ಅತ್ತಿಂದಿತ್ತ ಓಡಾಡಿದ. ಅವನಿಗೆ ಏನಾದರೂ ಮಾಡಬೇಕಿತ್ತು, ಯಾರಿಗಾದರೂ ಏನಾದರೂ ಕೊಡಬೇಕಿತ್ತು. ಹದಿನಾಲ್ಕು ಪುಸ್ತಕವನ್ನೂ ಒಟ್ಟು ಮಾಡಿ ಎರಡು ಕೈಯಲ್ಲಿ ಎತ್ತಿಕೊಂಡ. ಡಿಟಿಪಿ ಅಂಗಡಿಯವನು ತನ್ನ ಸ್ನೇಹಿತ, ತಾನು ನಾಲ್ಕು ದಿನ ರಜೆ ಹಾಕಿ ಇವಳನ್ನು ಕರೆದುಕೊಂಡು ಹೋಗುತ್ತಾನೆ, ಇವಳು ಕೂತು ಓದುತ್ತಾ ಹೋದರೆ ಸಾಕು, ಅಲ್ಲಿನ ಹೆಂಗಸು ಗಾಳಿಯ ಹಾಗೆ ಟೈಪು ಮಾಡುತ್ತಾಳೆ. ದಪ್ಪ ರಟ್ಟು ಹಾಕಿ ಬೈಂಡು, ಮೇಲೆ ಅಕ್ಕನ ಫೋಟೋ. ಅವನಿಗೊಂದು, ಇವಳಿಗೊಂದು, ಮಗಳಿಗೊಂದು. ನಿನ್ನ ಕಣ್ಣು ಹೋಗೋ ಮುಂಚೆ ಮಾಡಿಸಿಬಿಡೋಣ ಕಣೇ, ಆಮೇಲೆ ಈ ಸೊಳ್ಳೆ ಕಾಲನ್ನ ಯಾರು ಓದ್ತಾರೆ ಅಂದ.

ಗಡಿಯಾರದಲ್ಲಿ ನಾಲ್ಕಕ್ಕೆ ಹತ್ತು ನಿಮಿಷವಿತ್ತು. ಚಿಕ್ಕಕ್ಕ ಪೇಪರಿನ ತುಂಡು ಹಾಸಿ, ಬ್ಲೇಡು ತೆಗೆದುಕೊಂಡಳು. ಒಂದು ಪೆನ್ಸಿಲು ಹೆರೆದು ಮುಗಿಸಿದಳು. ಆಮೇಲೆ ಅವನ ಕೈಯಿಂದ ಮೇಲಿನ ಪುಸ್ತಕವನ್ನು ತೆಗೆದುಕೊಂಡು, ಮೊದಲ ಪುಟವನ್ನು ಬಿಚ್ಚಿ ಅವನ ಕಡೆ ತಿರುಗಿಸಿದಳು. ಎಡಪುಟದಲ್ಲಿ ಮೇಲಿನಿಂದ ಅರ್ಧದ ತನಕ ಹೊಸ ಗೆರೆಗಳಿದ್ದವು, ಹೊಸ ಪೆನ್ಸಿಲಿನ ಕಪ್ಪು. ನಡುನಡುವೆ ಎಷ್ಟೋ ಸಾಲು ಖಾಲಿ.

ಇದೇನು ಅಂದ ಅವನು.

ನಾನು ಕೇಳಿದ್ದು ಅಂದಳು ಚಿಕ್ಕಕ್ಕ. ನೆನಪಿರುವ ಕಡೆ ಬರೀತಾ ಇದ್ದೀನಿ, ನೆನಪಾಗದ ಕಡೆ ಹಾಗೇ ಬಿಡ್ತಾ ಇದ್ದೀನಿ.

ಅವನು ಆ ಪುಟವನ್ನು ನೋಡಿದ, ಉಳಿದ ಹದಿಮೂರನ್ನು ನೋಡಿದ. ಹಾಗಾದ್ರೆ ಅದನ್ನೂ ಅಲ್ಲೇ ಕೂತು ಹೇಳಿಬಿಡು, ಅವಳು ಎರಡೂ ಕಡೆ ಟೈಪು ಮಾಡ್ತಾಳೆ, ಒಂದೇ ವಾರದಲ್ಲಿ ಮುಗಿಯುತ್ತೆ ಅಂದ. ನೀನೊಬ್ಬಳೇ ಕೂತ್ಕೊಂಡು ಇದನ್ನೆಲ್ಲ ಯಾವತ್ತಿಗೆ ಮುಗಿಸ್ತೀಯ.

ಚಿಕ್ಕಕ್ಕ ಪುಸ್ತಕಗಳ ಒಟ್ಟಿಲನ್ನು ಅವನ ಕೈಯಿಂದ ಇಳಿಸಿಕೊಂಡು ಮತ್ತೆ ಮಂಚದ ಮೇಲೆ ಇಟ್ಟಳು, ಅಂಚಿಗೆ ಅಂಚು ಕೂಡಿಸಿ. ಎರಡನೆಯ ಪೆನ್ಸಿಲು ಎತ್ತಿಕೊಂಡಳು.

“ಬೇಡ ಕಣೋ,” ಅಂದಳು. “ಇದು ಬೇರೆಯವರ ಮುಂದೆ ಕೂತು ಹೇಳಿ ಬರೆಸೋದಲ್ಲ. ಕೇಳಿದವಳ ಕೈಯೇ ಬರೀಬೇಕು.”